ನೀಲಿಗೆ ಜಾಗ

ನಮ್ಮ ಹುಳದ ಮನೆ ಬಾಗಿಲು ಹಾಕಿ ಮೂರು ವರ್ಷ ಆಗಿತ್ತು. ಹೋದ ವಾರ ಪಕ್ಕದ ಮನೆ ಸುಬ್ಬಕ್ಕ ಅದನ್ನ ಬಾಡಿಗೆಗೆ ಕೇಳಿದಳು, ಕೊಟ್ಟೆ. ಖಾಲಿ ಬಿಟ್ಟರೆ ಇಲಿ ಸೇರ್ಕೊಳ್ತವೆ. ರೇಷ್ಮೆ ಹುಳ ಇಡೋಕೆ ಮುಂಚೆ ಗೋಡೆ, ನೆಲ, ತಟ್ಟೆ ಎಲ್ಲಾನೂ ಬ್ಲೀಚಿಂಗ್ ಪುಡಿ ನೀರಲ್ಲಿ ತೊಳೀಬೇಕು. ಅವಳು ತೊಳೆದು, ಆರಲಿ ಅಂತ ಬಾಗಿಲು ತೆರೆದುಬಿಟ್ಟಿದ್ದಳು. ನಾನು ಜಗಲಿ ಮೇಲೆ ಅವರೆಕಾಯಿ ಸುಲೀತಾ ಕೂತಿದ್ದೆ. ಆ ವಾಸನೆ ನೇರ ಮೂಗಿಗೆ ಬಡೀತು. ನಲವತ್ತು ವರ್ಷ ಹುಳ ಸಾಕಿದವಳು ನಾನು, ಆದರೂ ಹುಳದ ಮನೆ ನೆನಪಿಗೆ ಬರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ನನ್ನ ಮಗಳಿಗೆ ರಕ್ತ ತೊಳೀತಿದ್ದ ವಾರ್ಡು ಬಂತು. ಅಲ್ಲೂ ನೆಲ ಒರೆಸೋಕೆ ಇದನ್ನೇ ಹಾಕ್ತಿದ್ದರು.

ಅವತ್ತು ಅವರೆಕಾಯಿ ಅರ್ಧಕ್ಕೇ ಬಿಟ್ಟೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯೋದು ಅಂದ್ರೆ ಹುಳ ಜ್ವರಕ್ಕೆ ಕೂತ ದಿನ, ಎದ್ದ ದಿನ ಕ್ಯಾಲೆಂಡರಿನ ಮೇಲೆ ಗುರುತು ಹಾಕೋದು, ಅಷ್ಟೆ. ಆದರೂ ಆ ಒಂದು ಮಳೆಗಾಲದ್ದು ಬರೀತೀನಿ. ನನ್ನ ಮಗಳು ಪದ್ಮನ ಕೊನೇ ಮಳೆಗಾಲ. ಅವಳು ಉಳೀಬಹುದಾಗಿತ್ತು. ಉಳಿಯದ ಹಾಗೆ ಮಾಡಿದವಳು ನಾನು. ಇದನ್ನ ಮೊದಲೇ ಹೇಳಿಬಿಡ್ತೀನಿ. ಕೊನೆವರೆಗೂ ಬಚ್ಚಿಟ್ಟುಕೊಂಡು ಹೇಳೋಕೆ ಇದೇನು ಕಥೆಯಲ್ಲ.

ಮೇಲೂರಿನಲ್ಲಿ ನಮ್ಮದು ಮೂರು ಹೆಂಗಸರ ಮನೆ. ನಾನು, ನನ್ನ ಮಗಳು ಪದ್ಮ, ಅವಳ ಮಗಳು ವೇಣಿ. ಪದ್ಮನ ಗಂಡ ವೇಣಿಗೆ ಆರು ವರ್ಷ ಇದ್ದಾಗ ಕಾಮಾಲೆಯಾಗಿ ಹೋದ. ಮಗೂನ ಕಟ್ಟಿಕೊಂಡು ಪದ್ಮ ನನ್ನ ಮನೆಗೆ ಬಂದಳು. ಅಳ್ತಾ ಬರಲಿಲ್ಲ. ಬಂದವಳೇ ಸೆರಗು ಸಿಕ್ಕಿಸಿಕೊಂಡು ಹುಳಕ್ಕೆ ಸೊಪ್ಪು ಹಾಕೋಕೆ ನಿಂತಳು. ಆ ಗುಣ ನನ್ನದೇ. ಇಬ್ಬರೂ ಸೇರಿ ಹುಳ ಸಾಕಿ ವೇಣೀನ ಓದಿಸಿದ್ವಿ. ಓದ್ತಾ ಓದ್ತಾ ಅವಳು ನಮ್ಮಿಬ್ಬರಿಗೂ ಅರ್ಥವಾಗದಷ್ಟು ದೂರ ಹೋದಳು. ಬೆಂಗಳೂರಿನ ಒಂದು ದೊಡ್ಡ ಕಾಲೇಜಿನಲ್ಲಿ ಡಾಕ್ಟರೇಟಿಗೆ ಸೇರಿದಳು. "ಯಾವ ಕಾಯಿಲೆ ಡಾಕ್ಟರು?" ಅಂತ ಊರಲ್ಲಿ ಕೇಳಿದರೆ ಪದ್ಮ, "ಫೋನಿನ ಡಾಕ್ಟರು ಕಣಕ್ಕ" ಅಂತಿದ್ದಳು. ಕೇಳಿದವರೂ ತಲೆಯಾಡಿಸೋರು.

ಆ ವರ್ಷ ಆಷಾಢದಲ್ಲಿ ಪದ್ಮನ ಮುಖ ಊದಿಕೊಂಡಿತು. ಕಾಲು ಒತ್ತಿದರೆ ಗುಣಿ ಬೀಳೋದು. ಶಿಡ್ಲಘಟ್ಟದಲ್ಲಿ ತೋರಿಸಿದ್ವಿ, ಚಿಕ್ಕಬಳ್ಳಾಪುರಕ್ಕೆ ಕಳಿಸಿದರು. ಎರಡು ಕಿಡ್ನೀನೂ ಹೋಗಿವೆ ಅಂದರು. ಯಾವತ್ತಿಂದಲೋ ಬಿಪಿ ಇತ್ತಂತೆ, ನಾವು ನೋಡಿಸಿಕೊಂಡಿರಲಿಲ್ಲ. ತಲೆನೋವು ಅಂದಾಗೆಲ್ಲ ನಾನು "ಬಿಸಿಲು" ಅಂದಿದ್ದೆ. ವಾರಕ್ಕೆ ಮೂರು ಸಲ ಮಿಷನ್ನಿಗೆ ಹಾಕಿ ರಕ್ತ ತೊಳೆಸಬೇಕು, ಇಲ್ಲಾ ಬೇರೆಯವರ ಕಿಡ್ನಿ ಹಾಕಬೇಕು, ಮೂರನೇ ದಾರಿ ಇಲ್ಲ ಅಂದರು. ಪದ್ಮನಿಗೆ ಆಗ ನಲವತ್ತೈದೂ ತುಂಬಿರಲಿಲ್ಲ.

ವಿಷಯ ಗೊತ್ತಾದ ಮಾರನೇ ದಿನ ವೇಣಿ ಒಂದು ಬ್ಯಾಗು, ಲ್ಯಾಪ್‌ಟಾಪು ಹಿಡ್ಕೊಂಡು ಬಂದಳು. ಮಳೆಯಲ್ಲಿ ಪೂರ್ತಿ ನೆಂದಿದ್ದಳು, ಲ್ಯಾಪ್‌ಟಾಪು ಮಾತ್ರ ಒಣಗಿತ್ತು.

"ಪಾಠ ಬಿಟ್ಟು ಬಂದ್ಯೇನೇ?" ಅಂದೆ.

"ಪಾಠ ಎಲ್ಲಿ ಅಜ್ಜಿ, ನಂದು ಬರೀ ಕೆಲಸ. ಇಲ್ಲೇ ಕೂತು ಮಾಡ್ತೀನಿ. ಮೇಷ್ಟ್ರು ಒಪ್ಪಿದಾರೆ."

ಅವಳು ಜಗಲಿ ಮೇಲೆ ಕೂತು ಮಾಡೋ ಕೆಲಸ ನೋಡೋಕೆ ರಂಗೋಲಿ ಹಾಗಿತ್ತು. ಪರದೆ ತುಂಬಾ ಕೆಂಪು, ಹಸಿರು, ನೀಲಿ ಚೌಕ. ಕೆಲವು ಮೂಲೆ ಮೇಲೆ ನಿಂತ ವಜ್ರದ ಆಕಾರ. ಒಂದನ್ನ ಕೂದಲೆಳೆಯಷ್ಟು ಹಿಗ್ಗಿಸೋಳು, ಇನ್ನೊಂದನ್ನ ಕುಗ್ಗಿಸೋಳು. ಆಮೇಲೆ ಅರ್ಧ ಗಂಟೆ ಗಲ್ಲಕ್ಕೆ ಕೈ ಕೊಟ್ಟು ಕೂರೋಳು.

ಪದ್ಮ ಒಳಗಿಂದ ಕೂಗಿದಳು, "ಏನೇ ಅದು, ದಿನಾ ಅದೇ ರಂಗೋಲಿ. ನಿಮ್ಮೂರಲ್ಲಿ ಬೇರೆ ಬರಲ್ವಾ?"

"ನಮ್ಮೂರು ಇದೇ ಕಣಮ್ಮಾ."

"ಹಾಗಾದ್ರೆ ನಮ್ಮೂರೋರಿಗೆ ಅರ್ಥ ಆಗೋ ಹಾಗೆ ಹೇಳು."

ಹೇಳಿದಳು. ಫೋನಿನ ಪರದೆ ಅಂದರೆ ಒಂದೇ ಹಾಳೆಯಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕಿಗಳು. ಮೂರು ಬಣ್ಣದ ಚುಕ್ಕಿ ಸೇರಿ ಒಂದು ಮನೆ. ಅಂಥ ಮನೆ ಲಕ್ಷಗಟ್ಟಲೆ. ಹಳೆ ಟೀವಿಯಲ್ಲಿ ಹಿಂದೆ ದೀಪ ಇಟ್ಟು ಮುಂದೆ ಬಣ್ಣದ ಗಾಜು ಹಿಡೀತಿದ್ದರು. ಇವಳ ಪರದೆಯಲ್ಲಿ ಹಿಂದೆ ದೀಪವೇ ಇಲ್ಲ. ಒಂದೊಂದು ಚುಕ್ಕಿನೂ ತಾನೇ ಉರೀಬೇಕು. ಕಪ್ಪು ಬೇಕಿದ್ದರೆ ಆರಬೇಕು. ಚುಕ್ಕಿ ಮಾಡಿರೋ ವಸ್ತು ಲೋಹ ಅಲ್ಲ, ಆರ್ಗ್ಯಾನಿಕ್ಕು ಅಂದಳು.

"ಸಗಣಿ ಗೊಬ್ಬರ ಹಾಕ್ತೀರಾ?" ಅಂದೆ.

ಪದ್ಮ ಅವತ್ತು ನಕ್ಕಳು. ಊದಿದ ಮುಖದಲ್ಲಿ ನಗು ಬಂದರೆ ಕಣ್ಣೇ ಮುಚ್ಚಿಹೋಗೋದು.

"ಇದ್ದಲು, ಎಣ್ಣೆ, ನಮ್ಮ ಮೈ, ಇವುಗಳ ಜಾತಿ ವಸ್ತು ಅಂತ ಅಜ್ಜಿ. ಅದಕ್ಕೇ ನೀರು ತಾಗಿದರೂ ಕೆಡುತ್ತೆ, ದುಡಿದರೂ ಸವೆಯುತ್ತೆ. ಮೂರರಲ್ಲಿ ನೀಲಿ ಬೇಗ ಸಾಯುತ್ತೆ."

"ಯಾಕೆ, ಅದೇನು ಪಾಪ ಮಾಡಿತ್ತು?"

"ನೀಲಿ ಬೆಳಕು ಬರಬೇಕಾದರೆ ಜಾಸ್ತಿ ಶಕ್ತಿ ಬೇಕು. ಆ ಶಕ್ತಿನೇ ಅದನ್ನ ಒಳಗಿಂದ ಮುರಿಯುತ್ತೆ." ತನ್ನ ಹಳೇ ಫೋನು ತಂದು ತೋರಿಸಿದಳು. ಬಿಳಿ ಪರದೆ ಮೇಲೆ ಒಂದು ಕಡೆ ಹಳದಿ ಕಲೆ. ದಿನಾ ಅದೇ ಜಾಗದಲ್ಲಿ ಅದೇ ಚಿತ್ರ ನಿಂತು ನಿಂತು ಅಲ್ಲಿನ ನೀಲಿ ಸೊರಗಿದೆ, ನೀಲಿ ಹೋದರೆ ಬಿಳಿ ಹಳದಿಯಾಗುತ್ತೆ ಅಂದಳು.

"ಅದಕ್ಕೆ ಔಷಧಿ?" ಪದ್ಮ ಕೇಳಿದಳು.

"ನೀಲಿಗೆ ಜಾಸ್ತಿ ಜಾಗ ಕೊಡೋದು. ಚುಕ್ಕಿ ದೊಡ್ಡದಾದರೆ ಮೆಲ್ಲಗೆ ಉರಿದರೂ ಸಾಕು. ಮೆಲ್ಲಗೆ ಉರಿದರೆ ಬಹಳ ದಿನ ಬಾಳುತ್ತೆ. ಆದರೆ ನನ್ನ ಪರದೆ ಕಣ್ಣಿಗೆ ಕನ್ನಡಕದ ಹಾಗೆ ಹಾಕ್ಕೊಳ್ಳೋದು, ಉಗುರಷ್ಟಗಲ. ಕಣ್ಣಿನ ಪಕ್ಕದಲ್ಲೇ ಇರೋದರಿಂದ ಚುಕ್ಕಿ ಸಣ್ಣದಿರಬೇಕು, ಇಲ್ಲಾಂದರೆ ಜರಡಿಯ ತೂತಿನ ಮೂಲಕ ನೋಡಿದ ಹಾಗಿರುತ್ತೆ. ಮನೆ ಚಿಕ್ಕದು, ಮೂವರಿರಬೇಕು. ಒಂದಕ್ಕೆ ಜಾಗ ಕೊಟ್ಟರೆ ಇನ್ನೊಂದರಿಂದ ಕಿತ್ಕೊಂಡ ಹಾಗೆ."

"ಯಾವುದರಿಂದ ಕೀಳ್ತೀಯ?"

"ಹಸಿರಿಂದ. ಕಣ್ಣಿಗೆ ಹಸಿರು ಸ್ವಲ್ಪ ಇದ್ದರೂ ಚೆನ್ನಾಗಿ ಕಾಣುತ್ತೆ. ಅದಕ್ಕೆ ಜಾಗ ಕಮ್ಮಿಯಾದರೂ ನಡೆಯುತ್ತೆ."

ಚುಕ್ಕಿ ಚುಕ್ಕಿ ಮಧ್ಯೆ ಸಂದು ಬಿಡಬೇಕು, ಇಲ್ಲಾಂದರೆ ಬಣ್ಣ ಕಲಸಿಹೋಗುತ್ತೆ ಅಂತಲೂ ಹೇಳಿದಳು. ಅದು ನನಗೆ ಸಲೀಸಾಗಿ ಅರ್ಥ ಆಯ್ತು. ಹಣ್ಣಾದ ಹುಳಾನ ಗೂಡು ಕಟ್ಟೋಕೆ ಬಿದಿರಿನ ಚಂದ್ರಿಕೆ ಮೇಲೆ ಬಿಡುವಾಗ ಒತ್ತೊತ್ತಾಗಿ ಬಿಟ್ಟರೆ ಎರಡು ಹುಳ ಸೇರಿ ಒಂದೇ ಗೂಡು ಕಟ್ತವೆ. ಅದರ ನೂಲು ಬಿಚ್ಚೋಕೆ ಬರಲ್ಲ. "ನಿಂದೂ ನಮ್ಮ ಕಸುಬೇ ಬಿಡು," ಅಂದೆ. ಅದು ಅವಳಿಗೆ ಎಷ್ಟು ಖುಷಿ ಆಯ್ತು ಅಂದರೆ ಮೇಷ್ಟ್ರಿಗೆ ಫೋನು ಮಾಡಿ ಹೇಳಿದಳು.

ಶ್ರಾವಣ ಬಂತು. ಆ ಸಲದ ಮಳೆ ಜೋರಲ್ಲ, ಬಿಡುವೂ ಇಲ್ಲ. ಸೋನೆ. ಸೋಮವಾರ, ಬುಧವಾರ, ಶನಿವಾರ ನಾನೋ ವೇಣಿಯೋ ಪದ್ಮನ್ನ ಕರ್ಕೊಂಡು ಚಿಕ್ಕಬಳ್ಳಾಪುರಕ್ಕೆ ಹೋಗ್ತಿದ್ವಿ. ಬೆಳಗಿನ ಬಸ್ಸಲ್ಲಿ ಸ್ಕಂದಗಿರಿ ಹತ್ತೋಕೆ ಹೊರಟ ಬೆಂಗಳೂರು ಹುಡುಗ ಹುಡುಗೀರು ನಮ್ಮ ಜೊತೆ ಸಿಗೋರು. ಮೈ ಮೇಲೆ ಬಣ್ಣಬಣ್ಣದ ಮಳೆಕೋಟು. ಬೆಟ್ಟದ ತುದಿಯೇ ಕಾಣ್ತಿರಲಿಲ್ಲ, ಏನು ನೋಡೋಕೆ ಹೋಗ್ತಿದ್ದರೋ. ಪದ್ಮ ಕಿಟಕಿಗೆ ತಲೆ ಒರಗಿಸಿ ಅವರ ಬೂಟು ನೋಡ್ತಾ ಕೂರೋಳು. ನಾಲ್ಕು ಗಂಟೆ ಮಿಷನ್ನು. ಮುಗಿಸಿ ಬಂದರೆ ಹಿಂಡಿದ ಬಟ್ಟೆ. ಕುಡಿಯೋ ನೀರು ಅಳೆದು ಕೊಡಬೇಕು, ಎಳನೀರು ಕೂಡದು, ಹಣ್ಣು ಕೂಡದು. ದಿನಕ್ಕೆ ಎರಡು ಚೊಂಬು ನೀರು ಗಟಗಟ ಕುಡೀತಿದ್ದವಳು ಲೋಟದ ತಳದಲ್ಲಿ ಉಳಿದ ಗುಟುಕನ್ನ ಸಾಯಂಕಾಲಕ್ಕೆ ಅಂತ ಎತ್ತಿಡೋಳು.

ಕಿಡ್ನಿ ನಾನು ಕೊಡ್ತೀನಿ ಅಂದೆ. ಬೆಂಗಳೂರಿನ ಆಸ್ಪತ್ರೆಗೆ ಕರ್ಕೊಂಡು ಹೋಗಿ ನೋಡಿಸಿದರು. ಡಾಕ್ಟರು ಕಾಗದ ನೋಡಿ, "ಅಜ್ಜಿ, ನಿಮಗೆ ಸಕ್ಕರೆ ಕಾಯಿಲೆ ಇದೆ. ನಿಮ್ಮದು ನಿಮಗೇ ಸಾಲಲ್ಲ," ಅಂದರು. ಅಲ್ಲೇ ವೇಣಿ, "ನನ್ನದು ನೋಡಿ," ಅಂದಳು.

ಪದ್ಮ ಬಸ್ಸಲ್ಲೇ ಜಗಳ ತೆಗೆದಳು. "ನಿನ್ನ ಹೊಟ್ಟೆ ಕೊಯ್ಸಿ ನಾನು ಬದುಕಬೇಕಾ? ಬೇಡ. ಇನ್ನೊಂದ್ಸಲ ಈ ಮಾತೆತ್ತಿದರೆ ಮಿಷನ್ನಿಗೂ ಹೋಗಲ್ಲ."

"ಒಂದಿದ್ದರೂ ಆರಾಮಾಗಿರ್ತೀನಿ ಅಂತ ಡಾಕ್ಟರೇ ಹೇಳ್ತಿದಾರೆ. ಮದುವೆ, ಮಗು, ಎಲ್ಲಾ ಆಗುತ್ತೆ."

"ಡಾಕ್ಟರು ಹೇಳ್ತಾರೆ, ಹೆರೋರು ಯಾರು?"

"ಅಮ್ಮಾ, ನಂಗೆ ಕಮ್ಮಿಯಾದರೂ ನಡೆಯುತ್ತೆ. ನಿಂಗೆ ನಡೆಯಲ್ಲ. ಅಷ್ಟೇ ವಿಷಯ."

ಚುಕ್ಕಿಗೆ ಹೇಳಿದ ಹಾಗೇ ಹೇಳಿದಳು. ಬಸ್ಸಲ್ಲಿ ಇದ್ದವರೆಲ್ಲ ತಿರುಗಿ ನೋಡ್ತಿದ್ದರು.

ಅದೇ ವಾರ ಹುಳ ನಾಲ್ಕನೇ ಜ್ವರದಿಂದ ಎದ್ದವು. ಜ್ವರ ಅಂದರೆ ಹುಳ ಪೊರೆ ಬಿಡೋ ಹೊತ್ತು, ತಿನ್ನೋದು ಬಿಟ್ಟು ತಲೆ ಎತ್ತಿ ಕೂತಿರ್ತವೆ. ನಾಲ್ಕನೇದರಿಂದ ಎದ್ದ ಮೇಲೆ ಮಾತ್ರ ಅವುಗಳ ಹಸಿವು ರಾಕ್ಷಸರದು. ನಮಗೆ ಆಸ್ಪತ್ರೆ ಓಡಾಟದಲ್ಲಿ ತೋಟ ನೋಡೋಕೆ ಆಗಿರಲಿಲ್ಲ. ಸೋನೆಗೆ ಅರ್ಧ ಸೊಪ್ಪಿಗೆ ಬೂದಿ ರೋಗ ಹತ್ತಿತ್ತು. ಒಂದು ದಿನಕ್ಕೆ ನೋಡಿದೆ, ಎರಡು ದಿನಕ್ಕೆ ನೋಡಿದೆ, ಇರೋ ಸೊಪ್ಪು ಇರೋ ಹುಳಕ್ಕೆ ಸಾಲಲ್ಲ ಅಂತ ಖಾತ್ರಿಯಾಯ್ತು. ತಟ್ಟೆ ಕೆಳಗಿಳಿಸಿ, ಜ್ವರದಿಂದ ಇನ್ನೂ ಏಳದೆ ಹಿಂದೆ ಬಿದ್ದ ಹುಳಾನೆಲ್ಲ ಆರಿಸಿ ಆರಿಸಿ ಮಂಕರಿಗೆ ಹಾಕಿದೆ. ವೇಣಿ ಬಾಗಿಲಲ್ಲಿ ನಿಂತಿದ್ದಳು.

"ಏನ್ಮಾಡ್ತಿದೀಯ ಅಜ್ಜಿ?"

"ಗುಂಡಿಗೆ ಹಾಕ್ತೀನಿ."

"ಬದುಕಿವೆ!"

"ಬದುಕಿವೆ, ನಂಗೂ ಕಾಣುತ್ತೆ. ಎಲ್ಲಕ್ಕೂ ಹಂಚಿದರೆ ಎಲ್ಲವೂ ಅರೆಹೊಟ್ಟೆ. ಒಂದೂ ಗಟ್ಟಿ ಗೂಡು ಕಟ್ಟಲ್ಲ. ಹಿಂದೆ ಬಿದ್ದಿದ್ದನ್ನ ತೆಗೆದರೆ ಮುಂದಿರೋವಾದರೂ ಕಟ್ತವೆ. ನಮ್ಮಮ್ಮ ಹೀಗೇ ಮಾಡ್ತಿದ್ದಳು. ಅಳ್ತಾ ನಿಂತರೆ ಬೆಳೆಯೇ ಹೋಗುತ್ತೆ."

ಅವಳು ಮಂಕರಿ ಒಳಗೆ ನೋಡ್ತಾನೇ ಇದ್ದಳು. "ನಾವು ಹಾಗೆ ಮಾಡೋ ಹಾಗಿಲ್ಲ ಅಜ್ಜಿ. ಮೂರರಲ್ಲಿ ಒಂದನ್ನ ಕಿತ್ತು ಬಿಸಾಕಿದರೆ ಉಳಿದಿದ್ದೂ ಪರದೆ ಅಲ್ಲ. ಬಿಳಿನೇ ಹುಟ್ಟಲ್ಲ. ಹೊಂದಿಸಲೇಬೇಕು."

"ನಿಮಗೆ ಹೊಂದುತ್ತೆ, ಹೊಂದಿಸ್ತೀರಾ. ದಾರಿ ಬಿಡು, ಭಾರ ಇದೆ," ಅಂದೆ. ಹೋಗಿ ಗುಂಡಿಗೆ ಸುರಿದೆ. ಆ ಸಲ ಬೆಳೆ ಚೆನ್ನಾಗೇ ಬಂತು. ಗೂಡು ಗಟ್ಟಿಯಾಗಿತ್ತು. ಅದೇ ನನಗೆ ಧೈರ್ಯ ಕೊಟ್ಟಿತೇನೋ.

ಭಾದ್ರಪದದಲ್ಲಿ ಪದ್ಮ ಬಗ್ಗಿದಳು. ಅವಳೇನು ಒಪ್ಪಿದೆ ಅನ್ನಲಿಲ್ಲ. ಗೌರಿ ಹಬ್ಬದ ದಿನ ವೇಣಿ ತಲೆ ಬಾಚ್ತಿದ್ದಾಗ ಬೇಡ ಅನ್ನೋದನ್ನ ನಿಲ್ಲಿಸಿದಳು, ಅಷ್ಟೆ. ಗಣೇಶನ ಹಬ್ಬ ಮುಗಿದ ಮಾರನೇ ದಿನವೇ ವೇಣಿ ಪರೀಕ್ಷೆಗೆ ಹೋದಳು. ರಕ್ತ ಹೊಂದಿತು. ಆಮೇಲಿನ ಪರೀಕ್ಷೆಗಳೂ ಒಂದೊಂದಾಗಿ ಹೊಂದಿದವು. ಪ್ರತಿ ಸಲ "ಹೊಂದಿತು" ಅಂತ ಫೋನು ಬಂದಾಗ ಪದ್ಮನ ಮುಖದಲ್ಲಿ ಎರಡು ಬರೋದು. ಮೊದಲು ಭಯ, ಅದರ ಹಿಂದೇನೇ ಇನ್ನೊಂದು. ಬಾಯಾರಿದವಳ ಮುಂದೆ ಚೊಂಬು ಇಟ್ಟಾಗ ಬರುತ್ತಲ್ಲ, ಅದು. ಎರಡನ್ನೂ ನಾನು ನೋಡಿದೆ.

ಸುಬ್ಬಕ್ಕ ಹಿತ್ತಿಲಲ್ಲಿ ನನ್ನ ಕೈ ಹಿಡ್ಕೊಂಡಳು. ಅವಳದು ಗಡಿ ಕಡೆ ತವರು, ಬೇಜಾರಾದರೆ ತೆಲುಗೇ ಬರುತ್ತೆ. "ಅಕ್ಕಾ, ಆಡಪಿಲ್ಲ ಅಕ್ಕಾ ಅದು. ಹೆಣ್ಣು ಹುಡುಗಿ. ನಾಳೆ ಬಸುರಿಯಾದರೆ ಏನು ಗತಿ? ಒಂದು ಕಿಡ್ನೀಲಿ ಎರಡು ಜೀವ ಹೊರೋಕಾಗುತ್ತಾ?"

ಇದು ನನ್ನ ಹೊಟ್ಟೆಯೊಳಗೆ ಮೊದಲೇ ಇತ್ತು. ನನ್ನ ತಂಗಿ ಹೆರಿಗೇಲಿ ಸತ್ತಿದ್ದು, ಮೈಯೆಲ್ಲ ಊದಿಕೊಂಡು, ಪದ್ಮ ಊದಿಕೊಂಡ ಹಾಗೇನೇ. ಡಾಕ್ಟರು ಕೂರಿಸಿಕೊಂಡು ಬಿಡಿಸಿ ಬಿಡಿಸಿ ಹೇಳಿದ್ದರು, ಏನೂ ಆಗಲ್ಲ ಅಂತ. ಡಾಕ್ಟರನ್ನ ನಾನು ನಂಬಲಿಲ್ಲ. ನನ್ನ ತಂಗೀನ ನೋಡಿದ ಕಣ್ಣನ್ನ ನಂಬಿದೆ.

ಆಪರೇಷನ್ನಿಗೆ ಮುಂಚೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಮನೆಯವರನ್ನ ಒಬ್ಬೊಬ್ಬರನ್ನೇ ಕರೆದು ಮಾತಾಡಿಸ್ತಾರೆ. ಕೊಡೋರು ತಮ್ಮ ಇಷ್ಟದಿಂದ ಕೊಡ್ತಿದ್ದಾರಾ, ಯಾರಾದರೂ ಹೆದರಿಸಿದಾರಾ, ಇದನ್ನ ತಿಳ್ಕೊಳ್ಳೋಕೆ. ಮೊದಲು ವೇಣೀನ ಕರೆದರು, ಆಮೇಲೆ ಪದ್ಮನ್ನ, ಕೊನೆಗೆ ನನ್ನ. ಸಣ್ಣ ಕೋಣೆ. ಒಬ್ಬ ಮೇಡಂ, ಕನ್ನಡಕ ಹಾಕಿದ್ದರು, ಮೆತ್ತಗೆ ಮಾತಾಡೋರು.

"ಅಮ್ಮಾ, ಮೊಮ್ಮಗಳು ಮನಸಾರೆ ಒಪ್ಪಿದಾಳಾ? ನಿಮಗೇನನ್ನಿಸುತ್ತೆ?"

ನಾನು ಹೋಗುವಾಗ ಏನೂ ನಿಶ್ಚಯ ಮಾಡಿಕೊಂಡಿರಲಿಲ್ಲ. ಇದನ್ನ ಯಾರು ನಂಬಿದರೂ ಬಿಟ್ಟರೂ ಸರಿ. ಬಾಯಿ ತೆರೆದಾಗ ಬಂದ ಮಾತು ಇದು: "ಅವಳೆಲ್ಲಿ ಒಪ್ತಾಳೆ ಮೇಡಂ. ನಾವೇ ಅತ್ತು ಕರೆದು ಒಪ್ಪಿಸಿದ್ದು. ಅವಳ ಅಮ್ಮ ವಿಷ ಕುಡೀತೀನಿ ಅಂತ ಹೆದರಿಸಿದಳು. ಹುಡುಗಿ ಹೆದರಿ ಹೂಂ ಅಂದಿದಾಳೆ."

ಪ್ರತಿಯೊಂದು ಮಾತೂ ಸುಳ್ಳು. ಮೇಡಂ ಬರ್ಕೊಂಡರು. "ನೀವು ಹೇಳಿದ್ದು ಅಂತ ನಾವು ಯಾರಿಗೂ ಹೇಳಲ್ಲ," ಅಂದರು. ಆಚೆ ಬಂದು ಮೂವರಿಗೂ ಕಾಫಿ ತಗೊಂಡೆ. ಪದ್ಮನಿಗೆ ಅರ್ಧ ಲೋಟ.

ನಾಲ್ಕು ದಿನ ಬಿಟ್ಟು ಫೋನು ಬಂತು. ಸದ್ಯಕ್ಕೆ ವೇಣಿಯದು ಹೊಂದಲ್ಲ, ಸತ್ತವರ ಕಿಡ್ನಿ ಸಿಗೋವರೆಗೂ ಪಟ್ಟಿಯಲ್ಲಿ ಹೆಸರಿಟ್ಟು ಕಾಯಬೇಕು ಅಂದರು. ಕಾರಣ ಬಿಡಿಸಿ ಹೇಳಲಿಲ್ಲ. ವೇಣಿ ಫೋನು ಇಟ್ಟು ಹಿತ್ತಿಲಿಗೆ ಹೋದಳು. ಪದ್ಮ ಗೋಡೆಗೆ ಒರಗಿ ಕೂತಿದ್ದವಳು ನನ್ನನ್ನೇ ನೋಡಿದಳು.

"ಎಲ್ಲಾ ಹೊಂದಿತ್ತಲ್ಲಮ್ಮ."

ನಾನು ಅಕ್ಕಿ ಆರಿಸ್ತಿದ್ದೆ.

"ಒಳಗೆ ಕರೆದಾಗ ನೀನೇನು ಹೇಳಿದೆ?"

ಒಂದು ಸುಳ್ಳು ಹೇಳಿಯಾಗಿತ್ತು. ಎರಡನೇದು ಹೊರಡಲಿಲ್ಲ. "ಬೇಡ ಅನ್ನೋ ಹಾಗೆ ಹೇಳಿದೆ," ಅಂದೆ.

ಅವಳು ಕಿರುಚಲಿಲ್ಲ. ಕಿರುಚೋಕೆ ಉಸಿರೂ ಇರಲಿಲ್ಲ. "ನಿನ್ನ ಹೊಟ್ಟೇಲಿ ಹುಟ್ಟಿದ್ದು ನಾನು ಕಣಮ್ಮ," ಅಂದಳು. "ಅವಳಲ್ಲ. ನಾನು."

ಆರಿಸಿದ ಅಕ್ಕೀನ ಮತ್ತೆ ಆರಿಸಿದೆ.

ಎಂಟು ಒಂಬತ್ತು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಬಸ್ಸಲ್ಲಿ ಪಕ್ಕದಲ್ಲೇ ಕೂತರೂ ಕಿಟಕಿ ಕಡೆ ಮುಖ. ಮಿಷನ್ನಿನ ಹತ್ತಿರ ನರ್ಸು, "ಏನು ತಾಯಿ ಮಗಳು ಜಗಳಾನಾ?" ಅಂತಿದ್ದಳು. ಒಂದು ಬುಧವಾರ, ವಾಪಸ್ಸು ಬರುವಾಗ, ಶಿಡ್ಲಘಟ್ಟ ಬಸ್ ಸ್ಟ್ಯಾಂಡಲ್ಲಿ ಮಳೆಗೆ ನಿಂತಿದ್ವಿ. ಅವಳೇ ಮಾತು ತೆಗೆದಳು.

"ವೇಣಿಗೆ ಹೇಳಿದೀಯಾ?"

"ಇಲ್ಲ."

"ಹೇಳಬೇಡ. ಗೊತ್ತಾದರೆ ಹೋಗಿ ಸರಿ ಮಾಡ್ಕೊಂಡು ಬಂದು ಮತ್ತೆ ಕೊಡ್ತೀನಿ ಅಂತಾಳೆ." ಸೆರಗಿಂದ ಮುಖ ಒರೆಸಿಕೊಂಡಳು. "ಈ ಸಲ ಬೇಡ ಅನ್ನೋಕೆ ನನ್ನ ಕೈಲಿ ಆಗಲ್ಲಮ್ಮ. ಕೊಡು ಅಂದುಬಿಡ್ತೀನಿ. ನಂಗೆ ಅಷ್ಟು ಆಸೆ ಇದೆ."

ಮೇಲೂರು ಬಸ್ಸು ಬಂತು. ಅವಳ ರೆಟ್ಟೆ ಹಿಡಿದು ಹತ್ತಿಸಿದೆ. ಬಿಡಿಸಿಕೊಳ್ಳಲಿಲ್ಲ. ಆಮೇಲೆ ನಾವು ಮೊದಲಿನ ಹಾಗೇ ಮಾತಾಡಿದ್ವಿ, ಉಪ್ಪು ಜಾಸ್ತಿ ಆಯ್ತು, ಬೆಕ್ಕು ಹಾಲು ಕುಡೀತು, ಇಂಥವು. ಅವಳು ನನ್ನ ಕ್ಷಮಿಸಿದಳು ಅಂತ ನಾನು ಹೇಳಲ್ಲ. ಹಾಗೇನೂ ಅವಳು ಹೇಳಲಿಲ್ಲ.

ವೇಣಿ ಕೆಲಸ ಮಾಡ್ತಾನೇ ಇದ್ದಳು. ನೀಲೀನ ಹಿಗ್ಗಿಸೋಳು, ಸಂದು ಸಾಲದೆ ಅಳಿಸೋಳು. ಕಡೆಗೆ ಒಂದು ದಿನ ಎರಡು ಮನೆಗೆ ಸೇರಿ ಒಂದು ದೊಡ್ಡ ನೀಲಿ ಇಟ್ಟು, ಎರಡೂ ಕಡೆಯವರು ಅದನ್ನೇ ಬಳಸೋ ಹಾಗೆ ಬರೆದಳು. ಜಾಗ ಹೊಂದಿತು ಅಂದಳು. ಅಮ್ಮನಿಗೆ ತೋರಿಸೋಕೆ ಹೋದಳು. ಪದ್ಮ ನಿದ್ದೆಯಲ್ಲಿದ್ದಳು, ಎಬ್ಬಿಸಲಿಲ್ಲ. ಲ್ಯಾಪ್‌ಟಾಪು ಮುಚ್ಚಿ ಅವಳ ಕಾಲ ಹತ್ತಿರ ಕೂತಳು.

ಕಾರ್ತಿಕದಲ್ಲಿ ಮಳೆ ನಿಂತಿತು. ರಕ್ತ ತೊಳೆಯೋಕೆ ಅಂತ ಪದ್ಮನ ಕತ್ತಿಗೆ ಹಾಕಿದ್ದ ಕೊಳವೆಯಿಂದ ಸೋಂಕು ಹತ್ತಿತು. ಎರಡು ದಿನ ಚಳಿಜ್ವರ, ಮೂರನೇ ದಿನ ಬೆಳಗ್ಗೆ ಹತ್ತು ಗಂಟೆಗೆ ಹೋದಳು. ಪಟ್ಟಿಯಲ್ಲಿ ಅವಳ ಹೆಸರು ಅಲ್ಲೇ ಇತ್ತು, ಎಷ್ಟನೇದೋ. ನಾನು ಅವಳ ಮೈ ತೊಳೆದೆ. ಊತ ಇಳಿದಿತ್ತು, ಮದುವೆಗೆ ಮುಂಚಿನ ಮುಖ ಬಂದಿತ್ತು. ಆಗ ಇದ್ದ ಬೆಳೆ ಮುಗಿದ ಮೇಲೆ ಹುಳದ ಮನೆ ಬಾಗಿಲು ಹಾಕಿದೆ. ಮೊಟ್ಟೆ ತರೋಕೆ ಮನಸ್ಸು ಬರಲಿಲ್ಲ ಅಂತ ಊರವರು ಅಂದ್ಕೊಂಡರು. ತಟ್ಟೆ ಕೆಳಗಿಳಿಸಿ ಯಾವ ಹುಳ ಇರಬೇಕು, ಯಾವುದು ಹೋಗಬೇಕು ಅಂತ ಆರಿಸೋಕೆ ನನ್ನ ಕೈಗೆ ಆಗ್ತಿರಲಿಲ್ಲ. ಅದು ಕಾರಣ.

ಬ್ಲೀಚಿಂಗ್ ವಾಸನೆ ಬಂದ ಮೂರನೇ ದಿನ ಭಾನುವಾರ. ವೇಣಿ ಬಂದಳು. ಅವಳ ಡಾಕ್ಟರೇಟು ಮುಗಿದಿದೆ, ಈಗ ಅದೇ ಕಾಲೇಜಿನಲ್ಲಿ ಕೆಲಸ, ಹದಿನೈದು ದಿನಕ್ಕೊಂದ್ಸಲ ಬರ್ತಾಳೆ. ಊಟ ಆಗಿತ್ತು. ಜಗಲಿ ಮೇಲೆ ಕೂತಿದ್ವಿ. ನನಗೂ ವಯಸ್ಸಾಯ್ತು, ಇದನ್ನ ಹೊತ್ಕೊಂಡು ಹೋಗಬಾರದು ಅನ್ನಿಸಿತು. ಪದ್ಮ ಹೇಳಬೇಡ ಅಂದಿದ್ದು ಅವಳು ಬದುಕಿದ್ದಾಗಿನ ಮಾತು.

"ಆಸ್ಪತ್ರೇಲಿ ನಾನು ಸುಳ್ಳು ಹೇಳಿದೆ ಕಣೇ. ನಿನ್ನ ಬಲವಂತ ಮಾಡಿದೀವಿ ಅಂದೆ. ಅದಕ್ಕೇ ನಿಂದು ಬೇಡ ಅಂದಿದ್ದು."

"ಗೊತ್ತು."

"ಯಾವಾಗಿಂದ?"

"ಅವತ್ತಿಂದಲೇ ಅಜ್ಜಿ. ಮಾರನೇ ದಿನ ಆ ಮೇಡಂ ನನ್ನೊಬ್ಬಳನ್ನೇ ಕರೆಸಿದ್ದರು. ಕಾಲೇಜಿಗೆ ಹೋಗ್ತೀನಿ ಅಂತ ಹೇಳಿ ಹೋಗಿದ್ದೆ. ಯಾರು ಅಂತ ಹೇಳಲಿಲ್ಲ. ವಿಷ ಗಿಷ ಅಂದಾಗಲೇ ನೀನೇ ಅಂತ ಗೊತ್ತಾಯ್ತು. ನಿಜಾನಾ ಅಂತ ಕೇಳಿದರು."

"ಸುಳ್ಳು ಅನ್ನಬೇಕಾಗಿತ್ತು."

"ಅನ್ನೋಕೇ ಹೋಗಿದ್ದು." ಅವಳು ಅಂಗಳ ನೋಡ್ತಿದ್ದಳು. "ಅವರು ಹೇಳಿದರು, ಏನೂ ಹೇಳೋದು ಬೇಡಮ್ಮ, ಸುಮ್ಮನಿದ್ದರೂ ಸಾಕು, ಹೊಂದಲ್ಲ ಅಂತ ನಾವು ಬರೀತೀವಿ, ನಿಮ್ಮಮ್ಮನಿಗೆ ಯಾವತ್ತೂ ಗೊತ್ತಾಗಲ್ಲ ಅಂತ. ನಾನು ಸುಮ್ಮನಿದ್ದೆ ಅಜ್ಜಿ."

ನನಗೆ ತಕ್ಷಣ ಅರ್ಥ ಆಗಲಿಲ್ಲ.

"ನಂಗೆ ಭಯ ಆಗಿತ್ತು. ಒಂದೊಂದು ಪರೀಕ್ಷೆ ಹೊಂದಿದಾಗಲೂ ಆಗ್ತಿತ್ತು. ಹೇಳೋಕೆ ನಾಚಿಕೆ. ಆ ಮೇಡಂ ಪೆನ್ನು ಮುಚ್ಚಿ ಎದ್ದು ಹೋಗೋವರೆಗೂ ಬಾಯಿ ಬಿಡಲಿಲ್ಲ. ಒಂದು ಮಾತು ಸಾಕಾಗಿತ್ತು."

ಮೂರು ವರ್ಷ ನಾನೊಬ್ಬಳೇ ಮಾಡಿದೆ ಅಂದ್ಕೊಂಡಿದ್ದೆ. ಅವಳೂ ಹಾಗೇ ಅಂದ್ಕೊಂಡಿದ್ದಳು. ಒಂದೇ ಮನೆಯಲ್ಲಿ ಕೂತು, ಒಂದೇ ತಟ್ಟೆಯಿಂದ ಉಂಡು.

"ನೀನು ಸುಮ್ಮನಿದ್ದದ್ದು ನಾನು ಹೇಳಿದ ಮೇಲೆ," ಅಂದೆ. "ಮೊದಲು ಬಾಯಿ ಬಿಟ್ಟವಳು ನಾನು. ಅದು ನಂದು. ನಿಂಗ್ಯಾಕೆ ಬೇಕು, ಬಿಡು."

"ಹಾಗೆ ಬಿಡೋಕಾಗಲ್ಲ ಅಜ್ಜಿ." ನನ್ನ ಕಡೆ ತಿರುಗಿ ಕೇಳಿದಳು, "ಅಮ್ಮಂಗೆ ಗೊತ್ತಾಗಿತ್ತಾ? ನಾನು ಹೆದರಿದ್ದು?"

ಇಲ್ಲಿ ಸುಳ್ಳೇ ಬೇಕಾಗಿರಲಿಲ್ಲ. ಬಸ್ ಸ್ಟ್ಯಾಂಡಲ್ಲಿ ಪದ್ಮ ಅಂದಿದ್ದನ್ನ ಅಂದಿದ್ದ ಹಾಗೇ ಹೇಳಿದೆ. "ನಿಂಗೆ ಗೊತ್ತಾದರೆ ಹೋಗಿ ಸರಿ ಮಾಡ್ಕೊಂಡು ಬಂದು ಮತ್ತೆ ಕೊಡ್ತೀನಿ ಅಂತೀಯ ಅಂದಳು. ಹಾಗಂತಲೇ ನಂಬಿಕೊಂಡು ಹೋದಳು."

ಸಮಾಧಾನ ಆಗುತ್ತೆ ಅಂದ್ಕೊಂಡು ಹೇಳಿದ್ದು. ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅವಳ ಅಮ್ಮ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ನಾನು ಬೆನ್ನು ಸವರಲಿಲ್ಲ, ಸುಮ್ಮನಿರು ಅನ್ನಲಿಲ್ಲ. ಅವಳು ಹೋಗಬೇಕಿದ್ದ ನಾಲ್ಕೂವರೆ ಬಸ್ಸು ಬಂದು ಹಾರನ್ನು ಹೊಡೆದು ಹೋಯಿತು. ಇಬ್ಬರೂ ಏಳಲಿಲ್ಲ.